ಕೆಂಪು ಬಳಿದ ಹೊಲ

ಬೆಳಿಗ್ಗೆ ಎಂಟು ಕೊಡ ನೀರು ಹಿಡಿದೆ. ಅಂಗಳ ಗುಡಿಸಿದೆ. ಹತ್ತಿ ಗಿರಣಿಗೆ ಹೊರಟ ಗಂಡನಿಗೆ ಬುತ್ತಿ ಕಟ್ಟಿದೆ. ಆಮೇಲೆ ಹಳೆಯ ಚಾಕು ಹಿಡಿದು ಮಗಳ ಚಪ್ಪಲಿಗೆ ಅಂಟಿದ್ದ ಕಪ್ಪು ಎರೆಮಣ್ಣು ಕೆರೆದೆ. ಒಂದೊಂದೂ ಇಟ್ಟಿಗೆಯಷ್ಟು ಭಾರವಾಗಿತ್ತು. ಕೋಲಾರ ಬಿಟ್ಟು ಧಾರವಾಡ ಜಿಲ್ಲೆಯ ಅಣ್ಣಿಗೇರಿಗೆ ಬಂದು ಮೂರು ವರ್ಷವಾದರೂ ಈ ಮಣ್ಣು ನನಗೆ ಒಗ್ಗಿಲ್ಲ. ನಮ್ಮ ಕಡೆಯದು ಕೆಂಪು ಮಣ್ಣು, ಮಳೆ ನಿಂತ ಮೇಲೆ ಕಾಲು ಕೊಡವಿಕೊಂಡರೆ ಸಾಕು. ಇಲ್ಲಿ ಮಣ್ಣು ಕಾಲನ್ನೇ ಹಿಡಿದುಕೊಳ್ಳುತ್ತದೆ.

ಮಗಳು ಪವಿತ್ರ ಪಿಯುಸಿ ಮುಗಿಸಿದ್ದಾಳೆ. ಚಿಕ್ಕ ಮಕ್ಕಳ ಶಾಲೆಯಲ್ಲಿ ಕಲಿಸುವ ಆಸೆ ಅವಳಿಗೆ. ಅದಕ್ಕೆ ಎರಡು ವರ್ಷದ ಡಿ.ಇಡಿ. ಓದಬೇಕು. ಮೊದಲ ವರ್ಷ ಮಕ್ಕಳ ಮನಸ್ಸು, ಕನ್ನಡ, ಲೆಕ್ಕ ಕಲಿಸುವ ಬಗೆ. ಎರಡನೆಯ ವರ್ಷ ಶಾಲೆಗೆ ಹೋಗಿ ಪಾಠದ ಅಭ್ಯಾಸ. ಆಮೇಲೆ ಅಂಚೆ ಮೂಲಕ ಪದವಿ. ಎಲ್ಲವನ್ನೂ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾಳೆ. ಯಾವ ಊರಿನ ಕಾಲೇಜು ಎಂಬ ಜಾಗ ಮಾತ್ರ ಖಾಲಿ. ನನಗೆ ಕೋಲಾರವೇ ಆಗಬೇಕಿತ್ತು. ಅಲ್ಲಿ ನಮ್ಮಣ್ಣನ ಮನೆಯಿದೆ. ಓದಿ ಅಲ್ಲೇ ಕೆಲಸ ಹಿಡಿದರೆ, ಅವಳ ಹಿಂದೆ ನಾವೂ ವಾಪಸ್ಸು ಹೋಗಬಹುದು. ನಿಜ ಹೇಳಬೇಕೆಂದರೆ, ಅವಳ ಓದಿನೊಳಗೆ ನಾನು ಊರಿಗೆ ಹೋಗುವ ನನ್ನ ಗಂಟು ಕಟ್ಟುತ್ತಿದ್ದೆ.

ಮನೆಯೊಡತಿ ಮಾಬೂಬಿಯ ಕಟ್ಟೆಯಲ್ಲಿ ಸಂಜೆ ಓಣಿಯ ಮಕ್ಕಳನ್ನು ಕೂರಿಸಿಕೊಂಡು ಪವಿತ್ರ ಪಾಠ ಹೇಳುತ್ತಾಳೆ. ನಮ್ಮ ಕಡೆ ‘ಮಿಸ್ಸು’ ಅನ್ನುವವರನ್ನು ಇಲ್ಲಿ ‘ಅಕ್ಕೋರು’ ಅನ್ನುತ್ತಾರೆ. ಹೋದ ವಾರ ಹೊಲದ ಪಾಠಕ್ಕೆಂದು ನಾನೇ ಚಿತ್ರ ಬರೆದುಕೊಟ್ಟಿದ್ದೆ. ರಾಗಿ ಪೈರು, ಬಾವಿ, ಸುತ್ತ ಕೆಂಪು ಮಣ್ಣು.

ಒಂದು ಹುಡುಗಿ ಕಿಸಕ್ಕನೆ ನಕ್ಕಳು. “ಅಕ್ಕೋರ, ಇದು ಹೊಲ ಅಲ್ರೀ, ಇಟ್ಟಂಗಿ ಭಟ್ಟಿ!”

“ನಗಬ್ಯಾಡ್ರಲೇ, ಅವರ ಊರಾಗ ಹಂಗ ಇರ್ತೈತಿ,” ಎಂದ ಮಾಬೂಬಿಯೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಪವಿತ್ರ ಗದರಲಿಲ್ಲ. ಒಲೆಯ ಮಸಿ ತಂದು ನಡುವೆ ಇಟ್ಟಳು. “ಹಂಗಾರ ನಿಮ್ಮ ಹೊಲ ನೀವ ಮಾಡ್ರಿ.” ಅಷ್ಟೂ ಮಕ್ಕಳು ಬೆರಳದ್ದಿ ಚಿತ್ರಕ್ಕೆ ಬಳಿದರು. ನಾನು ಬಳಿದಿದ್ದ ಕೆಂಪು ಬಣ್ಣ ಕ್ಷಣದಲ್ಲಿ ಮಾಯವಾಯಿತು. ತಾಯಂದಿರು ಕೂಗಿದರೂ ಒಬ್ಬರೂ ಏಳಲಿಲ್ಲ.

ಇವತ್ತು ಅರ್ಜಿಗೆ ಕೊನೆಯ ದಿನ. ಆನ್‌ಲೈನ್ ಅಂಗಡಿಯಲ್ಲಿ ಪವಿತ್ರ ನನ್ನ ಮುಖ ನೋಡಿದಳು. “ಅಮ್ಮ, ಧಾರವಾಡ ಹಾಕ್ಲಾ?”

“ಕೋಲಾರದಲ್ಲಿ ಮಾವ ಅವ್ರಲ್ಲಮ್ಮ.”

“ಮಾವ ಅವ್ರೆ. ನಾನು ಪಾಠ ಹೇಳೋ ಮಕ್ಕಳು ಇಲ್ಲಿ ಅವ್ರೆ.”

ಅವಳು ಅಂಗಡಿಯವನಿಗೆ ಧಾರವಾಡ ಎಂದೇ ಹೇಳಿದಳು. “ಓಟಿಪಿ ಬಂದೈತಿ, ಲಗೂನ ಹೇಳ್ರೀ ಅಕ್ಕಾರ,” ಎಂದ ಅಂಗಡಿಯವನು. ಅದು ಬಂದಿದ್ದು ನನ್ನ ಫೋನಿಗೆ. ನಾನು ಓದಿ ಹೇಳದೆ ಅರ್ಜಿ ಮುಂದೆ ಹೋಗುವಂತಿಲ್ಲ. ಕನ್ನಡಕ ಮರೆತು ಬಂದೆ ಎಂದೆ.

“ಮೂಗಿನ ಮೇಲೇ ಅದೆ,” ಎಂದಳು ಮಗಳು, ಮೆಲ್ಲಗೆ.

ಆರು ಅಂಕಿಗಳನ್ನೂ ಓದಿ ಹೇಳಿದೆ.

ಬರುವಾಗ ಮತ್ತೆ ಮಳೆ. ಅವಳ ಚಪ್ಪಲಿಗೂ ಮಣ್ಣು, ನನ್ನದಕ್ಕೂ. ನಾಳೆ ಎರಡು ಜೊತೆ ಕೆರೆಯಬೇಕು.

ರಾತ್ರಿಗೆ ಮುದ್ದೆ, ಬಸ್ಸಾರು ಮಾಡಿದೆ. ಮಾಬೂಬಿ ಜೋಳದ ರೊಟ್ಟಿ ಕಳಿಸಿದ್ದಳು. ನಾನು ಮುದ್ದೆ ಉಂಡೆ, ಪವಿತ್ರ ರೊಟ್ಟಿಯನ್ನು ಬಸ್ಸಾರಿನಲ್ಲಿ ಅದ್ದಿಕೊಂಡು ತಿಂದಳು, ಗಂಡ ಎರಡನ್ನೂ. ದಿನವೂ ಮೊದಲು ನಿದ್ದೆ ಹೋಗುವವಳು ನಾನು. ಇವತ್ತು ಮೊದಲು ನಿದ್ದೆ ಹೋದವಳು ಪವಿತ್ರ.