ಕಟಿಂಗ್ ಶಾಪಿನ ನೀರುಹುಲ್ಲಿಗೆ ಕೊಟ್ಟಿಗೆ ಗೊಬ್ಬರ

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಸಸಿಗೆ ಸೀನು ಬಂದರೂ ಮರುಳಸಿದ್ದಪ್ಪನಿಗೆ ಹೇಳಿಕಳಿಸುತ್ತಿದ್ದ ಕಾಲವದು. ಎಂಬತ್ತೆರಡನೇ ಇಸವಿ. ಅವನು ಬಂದವನೇ ಸಸಿಯ ಬುಡದ ಮಣ್ಣನ್ನು ಚಿಟಿಕೆಯಷ್ಟು ನಾಲಿಗೆಗಿಟ್ಟು, ಕಣ್ಣು ಮುಚ್ಚಿ, "ಹ್ಞೂಂ" ಅನ್ನುವನು. ಆ ಹ್ಞೂಂಕಾರಕ್ಕೇ ಅರ್ಧ ರೋಗ ಇಳಿಯುತ್ತದೆಂದು ತೋಟದವರು ನಂಬಿದ್ದರು; ಅವರಿಗಿಂತ ಗಟ್ಟಿಯಾಗಿ ಅವನೇ ನಂಬಿದ್ದ.

ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರದ ನಬೀಸಾಬನ ಕಟಿಂಗ್ ಶಾಪಿನಲ್ಲಿ ಅವನು ಗಡ್ಡ ಮಾಡಿಸಲು ಸರದಿ ಕಾಯುತ್ತಿದ್ದ. ಒಳಗಿನ ಕತ್ತಲೆ ಮೂಲೆಯಲ್ಲಿ, ಮಿಣುಕು ಬಲ್ಬಿನ ಕೆಳಗೆ ಗಾಜಿನ ತೊಟ್ಟಿ. ದಾವಣಗೆರೆಯಿಂದ ತಂದ ಐದು ಕೆಂಪು ಮೀನು ಅದರಲ್ಲಿ ಬಾಯಾಡಿಸುತ್ತ ಸುತ್ತುತ್ತಿದ್ದವು. ನೀರೊಳಗೆ ನೆಟ್ಟ ಉದ್ದೆಲೆಯ ಹುಲ್ಲು ಮಾತ್ರ ಹಳದಿಗೆ ತಿರುಗಿ, ತಿಂಗಳ ಜ್ವರದಿಂದ ಎದ್ದವರಂತೆ ಜೋತುಬಿದ್ದಿತ್ತು.

"ಗೌಡ್ರೇ, ಇದಕ್ಕೇನಾಗೈತೆ ಒಸಿ ನೋಡ್ರಿ," ಎಂದ ನಬೀಸಾಬ.

ಮರುಳಸಿದ್ದಪ್ಪ ಎದ್ದು ಹೋಗಿ ತೊಟ್ಟಿಗೆ ಬೆರಳದ್ದಿ ನಾಲಿಗೆಗಿಟ್ಟ. ಅದು ಮೀನು ಈಜುವ ನೀರೆಂದು ಹೊಳೆದದ್ದು ನುಂಗಿದ ಮೇಲೆ. ಹುಟ್ಟಿದಾಗಿನಿಂದ ಮೀನಂಗಡಿಯ ಮುಂದೆ ಮೂಗು ಮುಚ್ಚಿಕೊಂಡು ನಡೆದ ಮನುಷ್ಯ! ಆದರೂ ಮುಖ ಕೆಡಿಸಿಕೊಳ್ಳದೆ "ಹ್ಞೂಂ" ಅಂದ.

"ಬಿಸಿಲು ಜಾಸ್ತಿ ಆಗೈತೆ."

"ಒಳಗೆ ಬಿಸಿಲೆಲ್ಲೈತ್ರೀ?"

"ಆ ಬಲ್ಬು ಏನ್ ಬೆಳದಿಂಗಳು ಸುರಿಸ್ತೈತಾ? ಎಳೆ ಸಸಿಗೆ ನೆರಳು ಬೇಕೋ ಮಾರಾಯ. ಒಂದ್ ತಿಂಗಳು ನನ್ ಕೈಗೆ ಬಿಡು. ಹಸಿರಾಗ್ಲಿಲ್ಲ ಅಂದ್ರೆ ಇನ್ಮೇಲೆ ಯಾರ ತೋಟದ ಸಸೀನೂ ನಾನು ಮುಟ್ಟಲ್ಲ!"

ಬೆಂಚಿನ ಮೇಲೆ ಏಳು ಮಂದಿ ಕೂತಿದ್ದರು, ಏಳು ಊರಿನವರು. ಸಂಜೆಯೊಳಗೆ ಆ ಮಾತು ಆಚೆಯೂರು ನಲ್ಲೂರನ್ನೂ ದಾಟಿತು.

ಅಡಿಕೆ ಸಸಿಗೆ ಮಾಡುವುದನ್ನೆಲ್ಲ ಅವನು ಹುಲ್ಲಿಗೂ ಮಾಡಿದ. ತೊಟ್ಟಿಯ ಸುತ್ತ ಗೋಣಿತಾಟು ಕಟ್ಟಿ ನೆರಳು ಮಾಡಿದ. ತೊಟ್ಟಿಯ ತಳದ ಮರಳಲ್ಲಿ ಗುಣಿ ತೋಡಿ ಹುಲ್ಲನ್ನು ಸುಳಿ ಮುಚ್ಚುವಷ್ಟು ಆಳಕ್ಕೆ ಹೂತ. ಬಟ್ಟೆಯಲ್ಲಿ ಒಂದು ಬೊಗಸೆ ಕೊಟ್ಟಿಗೆ ಗೊಬ್ಬರ ಕಟ್ಟಿ ಇಳಿಬಿಟ್ಟ. ನಾಲ್ಕನೇ ದಿನಕ್ಕೆ ನೀರು ಕಷಾಯವಾಯಿತು. ಮೀನುಗಳು ಮೇಲೆ ಬಂದು ಉಸಿರಿಗೆ ಬಾಯಿ ಬಿಡತೊಡಗಿದವು.

"ಏನ್ ನಬೀಸಾಬ, ಮೀನೂ ಗಡ್ಡಕ್ಕೆ ಸಾಲು ನಿಂತಾವಲ್ಲೋ!" ಎಂದು ಬೆಂಚಿನವರು ನಕ್ಕರು.

"ಗೊಬ್ಬರ ಹಿಡೀತೈತೆ, ತಡ್ಕೊಳ್ರಿ," ಎಂದ ಮರುಳಸಿದ್ದಪ್ಪ. ಮರುದಿನವೇ ಉಬ್ರಾಣಿಯಲ್ಲಿ ತಂಗಿಯ ಮಗಳ ಮದುವೆಯೆಂದು ಬಸ್ಸು ಹತ್ತಿದ. ಮದುವೆ ಮುಗಿದು, ಚಪ್ಪರ ಬಿಚ್ಚಿ, ಹೆಣ್ಣು ಗಂಡನ ಮನೆ ಸೇರಿದರೂ ಇವನು ಏಳಲಿಲ್ಲ. ಮೂರು ವಾರದ ಮೇಲೆ ತಂಗಿಯೇ ಚೀಲ ತಂದು ಕೈಗೆ ಕೊಟ್ಟಳು.

ಕಟಿಂಗ್ ಶಾಪಿಗೆ ಅಂಜುತ್ತಲೇ ಬಂದ. ತೊಟ್ಟಿ ಕಿಟಕಿಯ ಪಕ್ಕ ಕೂತಿತ್ತು. ನೀರು ತಿಳಿ. ಹುಲ್ಲು ಗಿಣಿಹಸಿರು, ನಾಲ್ಕಾರು ಹೊಸ ಚಿಗುರು ಬೇರೆ!

"ಏನ್ ಕೈಗುಣ ರೀ ನಿಮ್ದು!" ಎನ್ನುತ್ತ ನಬೀಸಾಬ ಅವನನ್ನು ಕೈಹಿಡಿದು ಕುರ್ಚಿಗೆ ಕೂರಿಸಿ ನೊರೆ ಬಳಿದ. "ನಮ್ಮಮ್ಮ ವಾಸನೆ ಅಂತ ಒಸಿ ತೊಳೆದ್ಲು ನೋಡ್ರಿ, ಅಷ್ಟೇ."

ಬಸವಾಪಟ್ಟಣದ ಟೀ ಹೋಟೆಲಿನ ಜುಂಜಪ್ಪ ಬೆಂಚಿನಿಂದ ಎದ್ದು ಕೈಮುಗಿದ. ಅವನ ಹೋಟೆಲಿನ ತೊಟ್ಟಿಯಲ್ಲೂ ಹುಲ್ಲು ಹಳದಿಯಾಗಿತ್ತು. ಮರುಳಸಿದ್ದಪ್ಪ ಉಬ್ಬಿಹೋಗಿ ನೆರಳು, ಗುಣಿ, ಗೊಬ್ಬರ ಎಲ್ಲ ಹೇಳಿಕೊಟ್ಟ. ಜುಂಜಪ್ಪ ಬಸ್ಸಿಗೆ ಓಡಿದ.

ಒಂದು ಕೆನ್ನೆ ಮುಗಿಯುವಷ್ಟರಲ್ಲಿ ನಬೀಸಾಬನ ತಾಯಿ ಸೈದಾಬೀ ಟೀ ತಂದಳು. "ಮರುಳಸಿದ್ದಪ್ನೋರೆ, ನಿಮ್ ಗೊಬ್ಬರ ನಮ್ ಕರಿಬೇವಿಗೆ ಸುರಿದೆ, ಚೆಂದ ಬಂದೈತೆ. ಪಾಪ, ಮೀನು ಸಾಯಾಕೆ ಬಿದ್ದಿದ್ವು. ನೀರು ಬದಲಾಯಿಸ್ದೆ, ಗೋಣಿ ಕಿತ್ತು ಬೆಳಕಿಗಿಟ್ಟೆ. ಹುಲ್ಲನ್ನ ಕುತ್ತಿಗೆ ಮಟ ಹೂತಿದ್ರಲ್ಲ, ಅದೇನ್ ಕಳ್ಳತನ ಮಾಡಿತ್ತಾ? ಬೇರಷ್ಟೇ ಮರಳಾಗಿಟ್ಟೆ."

ಮರುಳಸಿದ್ದಪ್ಪನಿಗೆ ಬಸವಾಪಟ್ಟಣದ ಮೀನುಗಳು ಬಾಯಿ ಬಿಡುವುದು ಕಣ್ಣಿಗೆ ಕಟ್ಟಿತು. ಸುಮ್ಮನಿದ್ದರೆ ಹೆಸರು ಉಳಿಯುತ್ತದೆ, ಮೀನು ಉಳಿಯುವುದಿಲ್ಲ. ಕೊರಳ ಬಟ್ಟೆ, ಅರ್ಧ ಮುಖದ ನೊರೆಯ ಸಮೇತ ಬೀದಿಗೆ ಹಾರಿ, ಹೊರಟಿದ್ದ ಬಸ್ಸಿಗೆ ಅಡ್ಡ ನಿಂತು, ಹತ್ತಿ ಕೂಗಿದ:

"ಜುಂಜಪ್ಪಾ! ಗೋಣಿ ಬೇಡ, ಗೊಬ್ಬರ ಬೇಡ, ಸುಳಿ ಮುಚ್ಬೇಡ! ನಾನು ಕೊಲ್ಲಾಕೆ ಹೊರಟಿದ್ದೆ, ಉಳಿಸಿದ್ದು ಸೈದಾಬೀಯವ್ವ!"

ಬಸ್ಸಿನವರೆಲ್ಲ ಅವನ ಅರ್ಧ ಮುಖದ ನೊರೆಯನ್ನೇ ನೋಡಿದರು.

"ಯಜಮಾನ್ರೇ, ಅರ್ಧ ಗಡ್ಡಕ್ಕೆ ಅರ್ಧ ಟಿಕೆಟ್ ಕೊಡಾಕಾಗಲ್ಲ," ಎಂದ ಕಂಡಕ್ಟರ್. "ಇರ್ತೀರೋ, ಇಳೀತೀರೋ?"

"ಹಂಗಾದ್ರೆ ನಮ್ ಅಡಿಕೆ ಸಸಿ ಇನ್ ಮುಟ್ಟಲ್ವಾ ಗೌಡ್ರೇ?" ಎಂದು ಹಿಂದಿನ ಸೀಟಿನಿಂದ ಯಾರೋ ಕುಟುಕಿದರು.

"ಮುಟ್ತೀನಿ. ಆಯಮ್ಮನ್ನ ಕೇಳ್ಕೊಂಡ್ ಬಂದು ಮುಟ್ತೀನಿ!"

ಬಸ್ಸೆಲ್ಲ ನಕ್ಕಿತು. ಜುಂಜಪ್ಪ ಮಾತ್ರ ಪೆಚ್ಚಾಗಿ, "ಈಗ ನಾನೇನ್ ಮಾಡ್ಲಿ?" ಎಂದ.

"ಮೊದ್ಲು ಹೇಳು, ನಿನ್ ತೊಟ್ಟಿ ಎಲ್ಲಿಟ್ಟೀಯ?"

"ಸಕ್ಕರೆ ಮೂಟೆ ಹಿಂದೆ."

"ಮೂಟೆ ಹಿಂದೆ ಇಟ್ಟು ಹಸಿರಾಗು ಅಂದ್ರೆ ಆಗ್ತೈತಾ? ನೀನೂ ನನ್ನಂಗೇ ಬಿಡು. ಸರಿ ಆಕಡೆ," ಎನ್ನುತ್ತ ಮರುಳಸಿದ್ದಪ್ಪ ಅವನ ಪಕ್ಕ ಕೂತ. ಬಸ್ಸು ಹೊರಟಿತು. ಹಿಂದಿನಿಂದ ನಬೀಸಾಬ ಕತ್ತಿ ಹಿಡಿದು ಓಡಿಬರುತ್ತಿದ್ದ:

"ಗೌಡ್ರೇ, ಇನ್ನೊಂದ್ ಕೆನ್ನೆ ಐತ್ರೀ!"