ತಾಯಿಗೆ ಬೆನ್ನು ಮಾಡಿದ ಪರದೆ

ಮಕ್ಕಳೇ, ನಿಮ್ಮ ಅಜ್ಜ ತೀರಿಹೋದ ಮರುವರ್ಷ ಜೇವರ್ಗಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಕೋಣೆಯ ಆಯಾ ಆಗಿ ಸೇರಿದೆ. ನರೋಣಾದ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು ನಾನು. ಡಾಕ್ಟರಮ್ಮನ ಮುಂದೆ ‘ಹೌದ್ರಿ’ ಬಿಟ್ಟರೆ ಎರಡನೆಯ ಮಾತು ಬರುತ್ತಿರಲಿಲ್ಲ.

ಬಸುರಿಯರನ್ನು ಮಂಚದ ಮೇಲೆ ಮಲಗಿಸುವುದು, ಸ್ಕ್ಯಾನ್ ಮುಗಿದ ಮೇಲೆ ಹೊಟ್ಟೆಯ ಜೆಲ್ ಒರೆಸುವುದು ನನ್ನ ಕೆಲಸ. ಇನ್ನೊಂದು ಕೆಲಸವಿತ್ತು. ಮೆಷೀನಿನ ಪರದೆಯನ್ನು ತಾಯಿಗೆ ಬೆನ್ನು ಮಾಡಿ ತಿರುಗಿಸಿಡುವುದು. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ತಿಳಿಸುವುದು ಅಪರಾಧ. ಆ ಭಯಕ್ಕೆ ತಾಯಿಗೆ ಏನನ್ನೂ ಕಾಣಿಸದಿರುವುದೇ ಅಲ್ಲಿ ರೂಢಿಯಾಗಿತ್ತು.

ನೆಲೋಗಿಯ ಮಹಾದೇವಿ ಬಂದಾಗ ಅವಳಿಗೆ ಏಳು ತಿಂಗಳು. ಮೊದಲ ಕೂಸು ಹೊಟ್ಟೆಯಲ್ಲೇ ಸತ್ತಿತ್ತು.

“ಕುಬುಸ ಮಾಡೂನು ಅಂದ್ರ ಒಲ್ಲೆ ಅಂತಾಳ್ರಿ,” ಎಂದಳು ಜೊತೆಗೆ ಬಂದಿದ್ದ ಅವಳ ಅತ್ತೆ, ಸೀಮಂತದ ಮಾತೆತ್ತಿ. “ಹಸರ ಬಳಿ ತಂದ್ರ ಕೈ ಸೆರಗಿನಾಗ ಮುಚ್ಚಿಟ್ಕೋತಾಳ. ಗುಳಿಗಿ ಕೊಟ್ರ ದನದ ಮೇವಿನ ಗ್ವಾದಲಿಗೆ ಒಗಿತಾಳ. ನಮ್ಮ ಎಮ್ಮಿಗೆ ಮೈ ಬಂತು, ಈಕಿಗಿಲ್ಲ!”

ಮಹಾದೇವಿ ನಗಲಿಲ್ಲ. ನಾನು ಎಂದಿನಂತೆ ಪರದೆ ತಿರುಗಿಸಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

“ಆಯಿ, ಹೋದ ಸಲ ಬ್ಯಾರೆ ದವಾಖಾನ್ಯಾಗೂ ಹಿಂಗ ಟಿವಿ ತಿರುವಿದ್ರು. ಆಮ್ಯಾಲ ಕೂಸು ಇಲ್ಲ ಅಂದ್ರು. ಮಿಸುಕಿದಂಗಾದ್ರೂ ನಂಬಿಕಿ ಬರವಲ್ದು. ಇದೂ ಹೋಗ್ಯದ, ಹೌದಿಲ್ಲೊ? ಖರೇ ಹೇಳು.”

ಎಷ್ಟು ಜನರ ಮುಂದೆ ಹೀಗೆ ತಿರುಗಿಸಿದ್ದೆನೋ. ಹೇಗೋ ಬಾಯಿ ತೆರೆದೆ: “ಮೇಡಂ, ಎದಿ ಬಡಿಯೂದು ಒಂದರ ತೋರಸಬಹುದೇನ್ರಿ?”

ಡಾಕ್ಟರಮ್ಮ ನನ್ನನ್ನೇ ನೋಡಿದರು. “ಗಂಡೋ ಹೆಣ್ಣೋ ಹೇಳೂದಷ್ಟೇ ತಪ್ಪು. ಎದೆಬಡಿತ ತೋರಸಬ್ಯಾಡ ಅಂತ ಯಾವ ಕಾಯ್ದೆನೂ ಇಲ್ಲ. ನಾವೇ ಅಂಜಿಕೊಂಡು ಕುಂತೀವಿ. ಆಕಿ ಕಡೆ ತಿರುಗಸ್ರಿ,” ಎಂದರು.

ಬೂದು ಬಣ್ಣದೊಳಗೆ ಅಡಿಕೆಯಷ್ಟು ಏನೋ ಮಿಡಿಯುತ್ತಿತ್ತು. ಡಾಕ್ಟರಮ್ಮ ಸದ್ದು ಹೆಚ್ಚಿಸಿದರು. ಬಳಿಕ ಒಂದು ಪುಟ್ಟ ಕೈ ಕಂಡಿತು, ಐದೂ ಬೆರಳು.

“ಬಡಕೊಳ್ಳಾಕತ್ತದ,” ಎಂದಳು ಮಹಾದೇವಿ. ಆಮೇಲೆ ಮೆಲ್ಲಗೆ, ನಮಗಲ್ಲ, ಹೊಟ್ಟೆಗೆ: “ಇದ್ದೀಯೇನಪಾ?”

ಡಾಕ್ಟರಮ್ಮ ಅವಳಿಗೆ ದಿನಾ ಊಟವಾದ ಮೇಲೆ ಮಗ್ಗುಲಾಗಿ ಮಲಗಿ ಕೂಸಿನ ಒದೆತ ಎಣಿಸಲು ಹೇಳಿಕೊಟ್ಟರು; ಕಡಿಮೆಯಾದರೆ ಕೂಡಲೇ ಬರಬೇಕೆಂದರು.

ಒಂಬತ್ತನೆಯ ತಿಂಗಳಲ್ಲಿ ಒಂದು ಮುಂಜಾನೆ ಅವಳು ಮೊದಲ ಬಸ್ಸಿಗೇ ಬಂದಿಳಿದಳು. ಎರಡೂ ಕೈ ತುಂಬ ಹಸಿರು ಬಳೆ.

“ಆಯಿ, ನಿನ್ನಿ ಸಂಜಿಂದ ಒದ್ದಿಲ್ಲ. ಹಿಂಗ ಸುಮ್ನಿರೂ ಕೂಸಲ್ಲ ಇದು. ಅತ್ತಿ ಏನೂ ಆಗೂದಿಲ್ಲ ಅಂದ್ಲು, ನಾ ಕೇಳಲಿಲ್ಲ.”

ಸ್ಕ್ಯಾನಿನಲ್ಲಿ ಎದೆಬಡಿತ ನಿಧಾನವಾಗಿತ್ತು. ಕೂಡಲೇ ಸಿಸೇರಿಯನ್ ಮಾಡಿದರು. ಕೊರಳಿಗೆ ಎರಡು ಸುತ್ತು ಹೊಕ್ಕುಳಬಳ್ಳಿ. ಕೂಸು ಅಳಲು ತಡಮಾಡಿತು. ಆ ತಡ ಇಂದಿಗೂ ನನ್ನ ಕಿವಿಯಲ್ಲಿದೆ. ಕೊನೆಗೆ ಅತ್ತಿತು.

ಮೆಷೀನು ಆ ಕೂಸನ್ನು ಉಳಿಸಿತು ಎಂದು ಎಲ್ಲರೂ ಅಂದರು. ಮೆಷೀನು ನೋಡಿದ್ದು ಎರಡೇ ಸಲ. ನಡುವಿನ ದಿನಗಳಲ್ಲಿ ನೋಡಿಕೊಂಡವಳು ತಾಯಿ. ಆಮೇಲೆ ನಾನು ಕೆಲಸ ಬಿಡುವವರೆಗೂ, ಎದೆಬಡಿತ ಸಿಕ್ಕ ಕೂಡಲೇ ಡಾಕ್ಟರಮ್ಮ ತಲೆಯಾಡಿಸುತ್ತಿದ್ದರು, ನಾನು ಪರದೆಯನ್ನು ತಾಯಿಯ ಕಡೆ ತಿರುಗಿಸುತ್ತಿದ್ದೆ. ರೂಢಿ ಎಂದು ಒಪ್ಪಿಸಿದ ಕೆಲಸವನ್ನೂ ಒಮ್ಮೆ ‘ಯಾಕ್ರಿ?’ ಎಂದು ಕೇಳಬೇಕು, ಮಕ್ಕಳೇ. ಅಂಜುತ್ತಲೇ ಕೇಳಿದರೂ ಸಾಕು.