ಉಷ್ಣವೂ ಉರಿಯೂತವೂ

ಶಿವಮೊಗ್ಗದ ಸವಳಂಗ ರಸ್ತೆಯ ತಿರುವಿನಲ್ಲಿ ಹಣ್ಣಿನ ಗಾಡಿಯವನು ಒಂದು ಪರಂಗಿಯನ್ನು ಸೀಳಿ, ಕೆಂಪು ಹೋಳು ಜನರಿಗೆ ಕಾಣುವಂತೆ ಇಟ್ಟಿರುತ್ತಾನೆ. ಅದರ ವಾಸನೆ ಮೂಗಿಗೆ ಬರುವ ಮೊದಲೇ ನಾನು ರಸ್ತೆ ದಾಟಿಬಿಡುತ್ತಿದ್ದೆ. ನೀವು ನೋಡಿದ್ದರೆ ಅವನಿಗೂ ನನಗೂ ಜಗಳವೆಂದುಕೊಳ್ಳುತ್ತಿದ್ದಿರಿ. ಇವತ್ತು ದಾಟುವುದು ಮರೆತೆ. ವಾಸನೆ ಬಂತು. ಅದರ ಹಿಂದೆಯೇ ಭದ್ರಾವತಿಯ ಒಂದು ಮೋಟುಗೋಡೆಯೂ ಬಂತು.

ಅದು ನನ್ನ ಅತ್ತೆಯ ಮನೆಗೂ ಪಕ್ಕದ ಸೆಲ್ವಕ್ಕನ ಮನೆಗೂ ನಡುವಿನ ಗೋಡೆ. ಕಾರ್ಖಾನೆಯ ಕಾಲದ ಆ ಮನೆಗಳ ಸಾಲಿನಲ್ಲಿ ಕನ್ನಡವೂ ತಮಿಳೂ ಸಾರಿನ ಬಟ್ಟಲುಗಳ ಜೊತೆ ಗೋಡೆಯ ಮೇಲೆ ಓಡಾಡುತ್ತಿದ್ದವು. ಸೆಲ್ವಕ್ಕನ ಹಿತ್ತಲಲ್ಲಿ ಒಂದು ಪರಂಗಿ ಮರವಿತ್ತು. ಅವಳ ಬಾಯಲ್ಲಿ ಅದು ಪಪ್ಪಾಳಿ. ಐದು ತಿಂಗಳ ಬಸುರಿಯಾಗಿ ನಾನು ಅಲ್ಲಿಗೆ ಹೋಗಿದ್ದಾಗ, ಅತ್ತೆ ಸ್ನಾನಕ್ಕೆ ಹೋದ ಹೊತ್ತು ನೋಡಿ, "ಬಾಯಿ ರುಚಿ ಇಲ್ಲ ಅಂದ್ಯಲ್ಲಮ್ಮಾ, ಚೆನ್ನಾಗಿ ಹಣ್ಣಾಗಿದೆ, ತಿನ್ನು" ಎಂದು ಎರಡು ಹೋಳು ಕೊಟ್ಟಳು. ತಿಂದೆ. ಸಿಹಿಯಾಗಿತ್ತು. ಅದೇ ವಾರ ಮಗು ಹೋಯಿತು.

ಆಸ್ಪತ್ರೆಗೆ ನೋಡಲು ಬಂದವರು ಹೇಗಿದ್ದೀಯ ಎನ್ನುವ ಮೊದಲು ಏನು ತಿಂದಿದ್ದೆ ಎಂದು ಕೇಳಿದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಪರಂಗಿ ಎಂದೆ. ಉಷ್ಣ ಎಂದು ತೀರ್ಮಾನವಾಯಿತು. ಅತ್ತೆ ಗೋಡೆಯ ಕಡೆ ಹೋಗುವುದನ್ನು ಬಿಟ್ಟರು. ಒಂದು ಬೆಳಿಗ್ಗೆ ಆಚೆಯಿಂದ ಮಚ್ಚಿನ ಸದ್ದು ಕೇಳಿತು. ಎದ್ದು ನೋಡಿದರೆ, ಕಾಯಿ ಕಚ್ಚಿದ್ದ ಮರವನ್ನು ಸೆಲ್ವಕ್ಕನೇ ಕಡಿದು ಉರುಳಿಸಿದ್ದಳು.

ನನ್ನ ವಿಜ್ಞಾನ ಎಸ್ಸೆಸ್ಸೆಲ್ಸಿಗೆ ಮುಗಿದದ್ದು. ಗರ್ಭದ ಪಾಠ ಬಂದಾಗ ಮೇಷ್ಟ್ರು, "ಇದನ್ನ ಮನೇಲಿ ಓದ್ಕೊಳ್ಳಿ" ಎಂದು ಪುಟ ಮಗುಚಿದ್ದರು. ಮನೆಯಲ್ಲಿ ಓದಲು ನಾಚಿಕೆಯಾಗಿ ನಾನೂ ಮಗುಚಿದ್ದೆ. ಹಾಗಾಗಿ ಶಿವಮೊಗ್ಗದ ಡಾಕ್ಟರಮ್ಮನ ಮುಂದೆ ರಿಪೋರ್ಟಿಗೆಂದು ಅತ್ತೆಯ ಜೊತೆ ಕುಳಿತಾಗ ಅತ್ತೆಗೂ ನನಗೂ ತಿಳಿವಳಿಕೆಯಲ್ಲಿ ಅಂಥ ವ್ಯತ್ಯಾಸವಿರಲಿಲ್ಲ.

"ಮಗು ಜೊತೆ ಹೊರಗೆ ಬಂದ ಮಾಸನ್ನ ಪರೀಕ್ಷೆಗೆ ಕಳಿಸಿದ್ವಲ್ಲ, ಅದ್ರಲ್ಲಿ ಉರಿಯೂತ ಕಂಡಿದೆ."

ಅತ್ತೆ ಕುರ್ಚಿಯಲ್ಲೇ ಮುಂದೆ ಸರಿದರು. "ಉರಿ ಅಂದ್ರಾ? ನಾನೂ ಅದನ್ನೇ ಹೇಳಿದ್ದು ಡಾಕ್ಟ್ರೇ. ಪರಂಗಿ ತಿಂದು ಮೈ ಉಷ್ಣ ಆಗಿತ್ತು."

ಡಾಕ್ಟರಮ್ಮ ನಗಲಿಲ್ಲ. "ಉಷ್ಣ ಅಲ್ಲಮ್ಮ. ಮುಳ್ಳು ಚುಚ್ಚಿದ್ರೆ ಸುತ್ತ ಕೆಂಪಾಗಿ ಊದ್ಕೊಳ್ಳತ್ತಲ್ಲ, ಅದು ಉರಿಯೂತ. ಮೈ ತನ್ನನ್ನ ತಾನು ಕಾಯ್ಕೊಳ್ಳೋ ರೀತಿ. ಎರಡು ಹೋಳು ಹಣ್ಣಿಂದ ಹೀಗಾಗಲ್ಲ."

"ಮತ್ತೆ ಯಾಕಾಯ್ತು?"

"ಕೆಲವರಿಗೆ ಸೋಂಕಿಂದ ಬರತ್ತೆ. ಇವರಿಗೆ ಯಾಕೆ ಬಂತು ಅಂತ ನಮಗೂ ಗೊತ್ತಾಗಿಲ್ಲ."

ಆಮೇಲೆ ಅವರು ಹೇಳಿದ್ದನ್ನು ನಾನು ಇನ್ನೂ ಮೆಲುಕು ಹಾಕುತ್ತಿದ್ದೇನೆ. ಉರಿಯೂತ ಶತ್ರುವಲ್ಲವಂತೆ. ಭ್ರೂಣ ಬಂದು ಅಂಟಿಕೊಳ್ಳುವಾಗ ಗರ್ಭ ತಾನೇ ಸ್ವಲ್ಪ ಉರಿ ಎಬ್ಬಿಸಿಕೊಳ್ಳುತ್ತದಂತೆ. ಅದಿಲ್ಲದೆ ಮಗು ಬೇರು ಬಿಡದು. ಹೊಸ ಮನೆಗೆ ಹೋದವರು ಮೊದಲು ಒಲೆ ಹಚ್ಚಿ ಹಾಲುಕ್ಕಿಸುವುದಿಲ್ಲವೇ, ಹಾಗೆ ಎಂದುಕೊಂಡೆ. ಆಮೇಲೆ ಆ ಉರಿ ತಗ್ಗಬೇಕು. ಅರ್ಧ ತನ್ನದಾದ, ಅರ್ಧ ಇನ್ನೊಬ್ಬರದಾದ ಜೀವವನ್ನು ಮೈ ತಿಂಗಳುಗಟ್ಟಲೆ ಸುಮ್ಮನೆ ಇರಗೊಡಬೇಕು. ಹೆರಿಗೆಯ ಹೊತ್ತಿಗೆ ಮತ್ತೆ ಹೊತ್ತಿಕೊಳ್ಳಬೇಕು. ನನ್ನಲ್ಲಿ ಅದು ನಡುವೆಯೇ ಎದ್ದಿತ್ತು. ನಾನು ಸೀರೆಗೆ ಫಾಲ್ಸ್ ಹೊಲಿಯುತ್ತಾ, ದಾರದ ಬಣ್ಣ ಹೊಂದಲಿಲ್ಲವೆಂದು ಗೊಣಗುತ್ತಾ ಕೂತಿದ್ದ ಅಷ್ಟೂ ದಿನ, ನನ್ನನ್ನು ಒಂದು ಮಾತೂ ಕೇಳದೆ ಒಳಗೆ ಇಷ್ಟೆಲ್ಲ ನಡೆದಿತ್ತು. ಮಗು ಹೋದ ಮೇಲೆ ಮೊದಲ ಸಲ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ. ಸಿಟ್ಟಿರಲಿಲ್ಲ. ದೊಡ್ಡದೊಂದರ ಬಾಗಿಲಲ್ಲಿ ನಿಂತ ಹಾಗಿತ್ತು.

ಭದ್ರಾವತಿಯ ಬಸ್ಸಿನಲ್ಲಿ ಅತ್ತೆ ಕಿಟಕಿಯಾಚೆ ನೋಡುತ್ತಾ ಕುಳಿತಿದ್ದರು. ಊರು ಹತ್ತಿರವಾದಾಗ ಹೇಳಿದರು: "ನಂಗೂ ಒಂದು ಹೋಗಿತ್ತು ಕಣೆ, ನಿನ್ನ ಗಂಡ ಹುಟ್ಟೋಕೆ ಮುಂಚೆ. ಎಳ್ಳುಂಡೆ ತಿಂದೆ ಅಂತ ಅಂದ್ರು."

ಸಂಕ್ರಾಂತಿಯಲ್ಲಿ ಬೀದಿಗೆಲ್ಲ ಎಳ್ಳು ಬೀರಿ, ತಾವು ಮಾತ್ರ ಒಂದು ಕಾಳೂ ಬಾಯಿಗೆ ಹಾಕದವರು ಅವರು. ಹಲ್ಲು ನೋವಿರಬೇಕೆಂದು ನಾನು ಪ್ರತಿ ವರ್ಷ ಅಂದುಕೊಂಡಿದ್ದೆ.

ಆದರೂ ಅವರು ಗೋಡೆಯ ಹತ್ತಿರ ಹೋಗಲಿಲ್ಲ. ಕಡಿದ ಮರಕ್ಕೆ ಏನೆಂದು ಹೇಳುವುದು? ನನಗೂ, ತಪ್ಪು ಹಣ್ಣಿನದಲ್ಲ ಎಂದು ಗೊತ್ತಾದ ಮೇಲೂ, ಈ ರಸ್ತೆ ದಾಟುವ ಅಭ್ಯಾಸ ಹೋಗಲಿಲ್ಲ. ತಲೆಗೆ ತಿಳಿದದ್ದು ಕಾಲಿಗೆ ತಿಳಿಯಲು ಇಷ್ಟು ದಿನ ಬೇಕಾಯಿತು.

ಗಾಡಿಯ ಮುಂದೆ ನಿಂತು ಅತ್ತೆಗೆ ಫೋನ್ ಮಾಡಿದೆ. "ನಾಳೆ ಬರ್ತೀನಿ ಅತ್ತೆ. ಪರಂಗಿ ಹಣ್ಣು ತರ್ಲಾ?"

ಆ ಕಡೆ ಕುಕ್ಕರ್ ಕೂಗಿತು. ಅದು ನಿಂತ ಮೇಲೆ ಅತ್ತೆಯ ಮಾತು ಬಂತು.

"ಬೀಜ ಇರೋದನ್ನ ನೋಡಿ ತಾ ಮಾರಾಯ್ತಿ. ಸೆಲ್ವಿ ಹಿತ್ತಲು ಬೋಳಾಗಿದೆ."

ಬೀಜ ಇರುವುದೇ ಬೇಕೆಂದೆ. "ಎಲ್ರೂ ಬೀಜ ಇಲ್ದಿದ್ದು ಕೇಳ್ತಾರೆ, ನೀವೊಬ್ರು ಅಕ್ಕ" ಎನ್ನುತ್ತಾ ಗಾಡಿಯವನು ಒಂದನ್ನು ಸೀಳಿ ತೋರಿಸಿದ. ಒಳಗೆ ಕಿಕ್ಕಿರಿದ ಕಪ್ಪು ಬೀಜಗಳು, ಒಂದೊಂದೂ ತನ್ನದೇ ತೆಳ್ಳನೆಯ ನೀರಿನ ಚೀಲದಲ್ಲಿ. ರಸ್ತೆಯಲ್ಲೇ ನಿಂತು ಒಂದು ಹೋಳು ತಿಂದೆ.